ಉಳ್ಳಾಗಡ್ಡಿ ರೇಟಿನ ಮಾಡೆಲ್ 0.97 ತೋರಿಸುತ್ತಿದೆ, ಖುಷಿ ಪಡಲಾ ಹೆದರಲಾ?

ಬಿಜಾಪುರ_ಟು_ಪುಣೆ

ಎಲ್ಲರಿಗೂ ನಮಸ್ಕಾರ. ನಾನು ಪುಣೆಯಲ್ಲಿ ಎಕನಾಮಿಕ್ಸ್ ಎಂ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಅರ್ಥಶಾಸ್ತ್ರದ ಸಂಶೋಧನೆಗೆ ಮಷಿನ್ ಲರ್ನಿಂಗ್ ಕಲಿಸಬೇಕು ಅಂತ ನಮ್ಮ ಯೂನಿವರ್ಸಿಟಿಯಲ್ಲಿ ಈ ವರ್ಷ ಹೊಸದಾಗಿ ಒಂದು ಲ್ಯಾಬ್ ಶುರು ಮಾಡಿದ್ದಾರೆ. ಯಾವ ಯೂನಿವರ್ಸಿಟಿ ಅಂತ ದಯವಿಟ್ಟು ಕೇಳಬೇಡಿ. ಪ್ರತಿ ಶನಿವಾರ ಬೆಳಿಗ್ಗೆಯಿಂದ ಸಂಜೆ ತನಕ ಕ್ಲಾಸು. ಬೆಳಿಗ್ಗೆ ಕಂಪ್ಯೂಟರ್ ಸೈನ್ಸ್ ವಿಭಾಗದವರು ಬಂದು ಡೇಟಾ ನೋಡಿ ಅಂದಾಜು ಹೇಳುವ ವಿಧಾನಗಳಾದ ಲ್ಯಾಸೊ (ಮುಖ್ಯ ಅಂಶಗಳನ್ನಷ್ಟೇ ಆರಿಸಿಕೊಳ್ಳುವುದು), ಡಿಸಿಶನ್ ಟ್ರೀ (ಹೌದು-ಇಲ್ಲ ಪ್ರಶ್ನೆಗಳ ಮರ), ರ್‍ಯಾಂಡಮ್ ಫಾರೆಸ್ಟ್ (ಅಂಥ ಎಷ್ಟೋ ಮರಗಳ ಸರಾಸರಿ) ಹೇಳಿಕೊಡುತ್ತಾರೆ. ಮಧ್ಯಾಹ್ನ ನಮ್ಮ ವಿಭಾಗದವರು ಬಂದು ಪ್ರಾಜೆಕ್ಟ್ ನೋಡುತ್ತಾರೆ. ಇವರು ಹೇಳಿದ್ದು ಅವರಿಗೆ ಗೊತ್ತಿಲ್ಲ, ಅವರು ಹೇಳಿದ್ದು ಇವರಿಗೆ ಗೊತ್ತಿಲ್ಲ, ನಡುವೆ ಊಟದ ಬಿಡುವಿನಲ್ಲಿ ನಾವು ಒದ್ದಾಡುತ್ತೇವೆ.

ನನ್ನ ಪ್ರಾಜೆಕ್ಟು ಸೋಲಾಪುರ ಮಾರ್ಕೆಟ್ಟಿನ ಉಳ್ಳಾಗಡ್ಡಿ ರೇಟು. ಕಾರಣ ಸಿಂಪಲ್. ನಮ್ಮದು ಬಸವನ ಬಾಗೇವಾಡಿ ಕಡೆ, ಅಪ್ಪ ಉಳ್ಳಾಗಡ್ಡಿ ಬೆಳೆಯುತ್ತಾರೆ, ಟೆಂಪೊ ಮಾಡಿಕೊಂಡು ಸೋಲಾಪುರಕ್ಕೆ ಒಯ್ಯುತ್ತಾರೆ. ಚಿಕ್ಕವಳಿದ್ದಾಗಿನಿಂದ ಮನೆಯಲ್ಲಿ ಇದೇ ಮಾತು. ಅಗ್‌ಮಾರ್ಕ್‌ನೆಟ್ ಅನ್ನುವ ಸರ್ಕಾರದ ಮಾರ್ಕೆಟ್ ರೇಟಿನ ಸೈಟಿನಿಂದ ದಿನದಿನದ ಲೆಕ್ಕ ಇಳಿಸಿಕೊಂಡೆ. ಅದರಲ್ಲಿ ಆವಕ (ಅವತ್ತು ಬಂದ ಮಾಲು), ಕನಿಷ್ಠ ರೇಟು, ಗರಿಷ್ಠ ರೇಟು, ಮೋಡಲ್ ರೇಟು (ಜಾಸ್ತಿ ಮಾಲು ಹೋದ ರೇಟು) ಇರುತ್ತವೆ. ಅದಕ್ಕೆ ಮಳೆ, ಡೀಸೆಲ್ ರೇಟು ಸೇರಿಸಿದೆ. ರಫ್ತು ನಿಷೇಧ ಇದ್ದ ದಿನಕ್ಕೆ 1, ಇಲ್ಲದ ದಿನಕ್ಕೆ 0 ಅಂತ ಇನ್ನೊಂದು ಕಾಲಂ ಮಾಡಿದೆ. ರೇಟು ಇಲ್ಲದ ದಿನಗಳನ್ನು ಹಿಂದಿನ ಮತ್ತು ಮುಂದಿನ ದಿನದ ರೇಟಿನ ನಡುವೆ ಗೆರೆ ಎಳೆದು ತುಂಬಿದೆ. ಮೋಡಲ್ ರೇಟನ್ನು ಹೇಳು ಅಂತ ರ್‍ಯಾಂಡಮ್ ಫಾರೆಸ್ಟ್‌ಗೆ ಕೊಟ್ಟೆ. ಮಾಡೆಲ್ ಕಲಿಯುವಾಗ ನೋಡದ ಟೆಸ್ಟ್ ಡೇಟಾ ಮೇಲೆ ಆರ್-ಸ್ಕ್ವೇರ್ (ಅಂದಾಜು ಎಷ್ಟು ಸರಿ ಅನ್ನುವ ಅಂಕ, 1 ಅಂದರೆ ಪೂರ್ತಿ ಸರಿ) 0.97 ಬಂತು!

ಲ್ಯಾಬಿನಲ್ಲಿ ಚಪ್ಪಾಳೆ ಬಿತ್ತು, ಸುಳ್ಳಲ್ಲ. ಎರಡು ವಾರಕ್ಕೆ ಪ್ರೆಸೆಂಟೇಶನ್ ಇದೆ. ಯಾವ ಅಂಶ ಎಷ್ಟು ಮುಖ್ಯ ಅಂತ ಮಾಡೆಲ್ ಒಂದು ಪಟ್ಟಿ ಕೊಡುತ್ತದಲ್ಲ, ಅದರಲ್ಲಿ ರಫ್ತು ನಿಷೇಧ ಮೊದಲ ಐದರಲ್ಲಿ ಬಂದಿದೆ. ಹಾಗಾಗಿ "ರಫ್ತು ನಿಷೇಧದಿಂದ ಸೋಲಾಪುರದ ರೇಟು ಇಷ್ಟು ಬಿತ್ತು" ಅಂತ ಒಂದು ಸಾಲು ಬರಿ, ಪೇಪರ್ ಆಗುತ್ತದೆ ಅಂತ ಗೈಡ್ ಹೇಳುತ್ತಿದ್ದಾರೆ.

ನನಗೆ ಯಾಕೋ ಹೊಟ್ಟೆಯಲ್ಲಿ ಸಂಕಟ. ಅಪ್ಪನಿಗೆ ಫೋನ್ ಮಾಡಿ ಖುಷಿಯಿಂದ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಹಂಗಾರ ಮುಂದಿನ ವಾರ ಸೋಲಾಪುರಕ್ಕ ಒಯ್ಯಲೋ ಬ್ಯಾಡೋ?" ನನ್ನ ಹತ್ತಿರ ಉತ್ತರ ಇರಲಿಲ್ಲ. 97 ಪರ್ಸೆಂಟ್ ಗೊತ್ತಿದ್ದೂ ಇದಕ್ಕೆ ಉತ್ತರ ಬಾರದೇ ಹೋದರೆ ಏನೋ ತಪ್ಪಿದೆ ಅಲ್ವಾ? ಬಲ್ಲವರು ಹೇಳಿ.

---

ಹಿಂಜವಡಿ_ಹುಡುಗ

ನಿಮ್ಮ ಅಪ್ಪ ಲ್ಯಾಬಿನವರಿಗಿಂತ ಚುರುಕು ಇದ್ದಾರೆ 🙂

ಮೇಡಂ, ಇವತ್ತಿನ ಮೋಡಲ್ ರೇಟು ಹೇಳುವುದಕ್ಕೆ ಇವತ್ತಿನ ಕನಿಷ್ಠ ಮತ್ತು ಗರಿಷ್ಠ ರೇಟು ಕೊಟ್ಟಿದ್ದೀರಿ. ಮೋಡಲ್ ಯಾವಾಗಲೂ ಅವೆರಡರ ನಡುವೆಯೇ ಇರುತ್ತದೆ. ಪರೀಕ್ಷೆಯಲ್ಲಿ ಮುಂದಿನ ಬೆಂಚಿನವನ ಪೇಪರು, ಹಿಂದಿನ ಬೆಂಚಿನವನ ಪೇಪರು ಎರಡನ್ನೂ ನೋಡಿ ನಡುವಿನದೊಂದು ಉತ್ತರ ಬರೆದ ಹಾಗಾಯಿತು. ಕನಿಷ್ಠ, ಗರಿಷ್ಠ ಗೊತ್ತಾಗುವ ಹೊತ್ತಿಗೆ ಮೋಡಲ್ಲೂ ಗೊತ್ತಾಗಿರುತ್ತದೆ, ಲಿಲಾವು (ಹರಾಜು) ಮುಗಿದಿರುತ್ತದೆ, ನಿಮ್ಮ ಅಪ್ಪನ ಚೀಲ ಯಾರದೋ ಲಾರಿ ಹತ್ತಿರುತ್ತದೆ. ನಮ್ಮ ಆಫೀಸಿನಲ್ಲಿ ಇದಕ್ಕೆ ಲೀಕೇಜ್ ಅಂತಾರೆ. ಉತ್ತರ ಪ್ರಶ್ನೆಪತ್ರಿಕೆಯೊಳಗೇ ಸೋರಿರುತ್ತದೆ.

ಇನ್ನೊಂದು ಕೇಳುತ್ತೇನೆ. ಮಾಡೆಲ್‌ಗೆ ಕಲಿಸುವ ಡೇಟಾ (ಟ್ರೈನ್), ಪರೀಕ್ಷೆ ಮಾಡುವ ಡೇಟಾ (ಟೆಸ್ಟ್) ಹೇಗೆ ಭಾಗ ಮಾಡಿದಿರಿ? ಸೈಕಿಟ್-ಲರ್ನ್ ಅನ್ನುವ ಕೋಡ್ ಲೈಬ್ರರಿಯ ಟ್ರೈನ್-ಟೆಸ್ಟ್-ಸ್ಪ್ಲಿಟ್ ಅನ್ನು ಸುಮ್ನೆ ಹಾಗೇ ಕರೆದಿದ್ದರೆ ಅದು ಸಾಲುಗಳನ್ನು ಇಸ್ಪೀಟೆಲೆ ಕಲಸಿದ ಹಾಗೆ ಕಲಸಿ ಹಂಚುತ್ತದೆ. ನಾವು ಬೇಡ ಅಂದರಷ್ಟೇ ಬಿಡುತ್ತದೆ. ಆಗ ಸೋಮವಾರ, ಬುಧವಾರ ಟ್ರೈನಿಂಗಿಗೆ ಹೋಗಿ ಮಂಗಳವಾರ ಟೆಸ್ಟಿಗೆ ಬರುತ್ತದೆ. ಅಕ್ಕಪಕ್ಕದ ಎರಡು ದಿನ ಗೊತ್ತಿದ್ದವನಿಗೆ ಮಂಗಳವಾರ ಹೇಳುವುದು ಯಾವ ದೊಡ್ಡ ವಿಷಯ? ಕಾಲದ ಡೇಟಾವನ್ನು ಕಲಸಬಾರದು. ಒಂದು ತಾರೀಖು ಹಿಡಿದು ಅದಕ್ಕೆ ಮುಂಚಿನದೆಲ್ಲ ಟ್ರೈನಿಂಗಿಗೆ, ನಂತರದ್ದೆಲ್ಲ ಟೆಸ್ಟಿಗೆ ಅಂತ ಕತ್ತರಿಸಿ. ಅದೇ ಲೈಬ್ರರಿಯಲ್ಲಿ ಟೈಮ್-ಸೀರೀಸ್-ಸ್ಪ್ಲಿಟ್ ಅಂತ ಬೇರೆಯೇ ಇದೆ, ಅದನ್ನು ಬಳಸಿ.

ಖಾಲಿ ದಿನಗಳನ್ನು ಹಿಂದೆ ಮುಂದೆ ನೋಡಿ ತುಂಬಿದೆ ಅಂದಿರಲ್ಲ, ಅದೂ ಸೋರಿಕೆಯೇ. ನಾಳೆಯ ರೇಟು ಇವತ್ತಿನ ಸಾಲಿಗೆ ಬಂದು ಕೂತಿದೆ. ಹಿಂದಿನ ದಿನದ್ದನ್ನು ಮುಂದಕ್ಕೆ ಎಳೆಯಬಹುದು, ಮುಂದಿನದನ್ನು ಹಿಂದಕ್ಕೆ ತರಬಾರದು.

ಇದನ್ನೆಲ್ಲ ಸರಿ ಮಾಡಿದ ಮೇಲೆ ಒಂದು ಕೆಲಸ ತಪ್ಪದೇ ಮಾಡಿ. ಮಾಡೆಲ್ಲೇ ಇಲ್ಲದೆ "ನಿನ್ನೆಯ ರೇಟೇ ಇವತ್ತಿನ ರೇಟು" ಅಂತ ಬರೆದರೆ ಎಷ್ಟು ತಪ್ಪಾಗುತ್ತದೆ ನೋಡಿ. ನಿಮ್ಮ ಮಾಡೆಲ್ ಮೊದಲು ಅದನ್ನು ಸೋಲಿಸಬೇಕು. ಅಲ್ಲಿಯ ತನಕ ಚಪ್ಪಾಳೆ ವಾಪಸ್.

---

ಸುಮ್ನೆ_ಓದುಗ

ಇಷ್ಟೆಲ್ಲ ಯಾಕೆ, ಚಾಟ್‌ಜಿಪಿಟಿಗೆ ಕೇಳಿದರೆ ಸರಿಯಾದ ಕೋಡ್ ಬರೆದುಕೊಡಲ್ವಾ?

ಬಿಜಾಪುರ_ಟು_ಪುಣೆ

ಈ ಕೋಡ್ ಬರೆದಿದ್ದೇ ಅದು ಅಣ್ಣ. ಹೌದು, ಕಲಸಿ ಹಂಚಿದೆ, ಈಗ ನೋಡಿದೆ. ನಾನು ಕೇಳಲಿಲ್ಲ, ಅದು ಹೇಳಲಿಲ್ಲ.

---

ಮಾಟುಂಗಾ_ಮೇಷ್ಟ್ರು

ಮುಂಬೈಯಲ್ಲಿ ನಾನೂ ಇಂಥದ್ದೇ ಒಂದು ಲ್ಯಾಬಿನಲ್ಲಿ ಪಾಠ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ. ಮೇಲಿನ ಹುಡುಗ ಸೋರಿಕೆ ಬಗ್ಗೆ ಹೇಳಿದ್ದೆಲ್ಲ ಸರಿ. ನನಗೆ ಅದಕ್ಕಿಂತ ಹೆದರಿಕೆ ನಿಮ್ಮ ಗೈಡ್ ಬರೆಸಲು ಹೊರಟ ಆ ಒಂದು ಸಾಲಿನ ಬಗ್ಗೆ.

ಅಮ್ಮಾ, ನಿಮ್ಮ ಕಡೆ ಮಳೆ ಹೋದಾಗ ಮಳೆ ಬರಲಿ ಅಂತ ಗುರ್ಜಿ ಹೊರಿಸುತ್ತಾರಲ್ಲ, ಅದನ್ನೇ ತೆಗೆದುಕೊಳ್ಳಿ. ಸಂಜೆ ಹೊರಗೆ ಹೋಗುವಾಗ ಕೊಡೆ ತೆಗೆದುಕೊಳ್ಳಲಾ ಬೇಡವಾ ಅಂತ ತೀರ್ಮಾನ ಮಾಡುವುದಕ್ಕೆ ಮಳೆ ಬರುತ್ತದಾ ಅಂತ ಗೊತ್ತಾದರೆ ಸಾಕು. ಯಾಕೆ ಬರುತ್ತದೆ ಅನ್ನುವುದು ಬೇಕಿಲ್ಲ. ಆದರೆ ಊರವರೆಲ್ಲ ದುಡ್ಡು ಹಾಕಿ ಗುರ್ಜಿ ಮಾಡಬೇಕಾ ಅಂತ ಕೇಳಿದರೆ, ಗುರ್ಜಿಯಿಂದ ಮಳೆ ಬರುತ್ತದಾ ಅಂತ ಗೊತ್ತಿರಬೇಕು. ಎರಡೂ ಮಳೆಯ ಪ್ರಶ್ನೆಯೇ, ಆದರೆ ಒಂದೇ ಪ್ರಶ್ನೆ ಅಲ್ಲ. 2015 ರಲ್ಲಿ ಅಮೆರಿಕದ ಸಂಶೋಧಕರಾದ ಕ್ಲೈನ್‌ಬರ್ಗ್, ಮುಲ್ಲೈನಾಥನ್ ಮತ್ತು ಅವರ ಜೊತೆಯವರು ಒಂದು ಚಿಕ್ಕ ಲೇಖನದಲ್ಲಿ ಕೊಡೆ ಮತ್ತು ಮಳೆಯ ಕುಣಿತ ಅಂತ ಇದನ್ನೇ ಬರೆದರು. ನಾನು ಕ್ಲಾಸಿನಲ್ಲಿ ಗುರ್ಜಿ, ಕಪ್ಪೆ ಮದುವೆ ಅಂತ ಹೇಳುತ್ತೇನೆ, ಮರಾಠಿ ಹುಡುಗರಿಗೂ ಬೇಗ ತಲೆಗೆ ಹೋಗುತ್ತದೆ.

ಈಗ ಗುರ್ಜಿಯ ಡೇಟಾ ಮಾಡೆಲ್‌ಗೆ ಕೊಡಿ. ಗುರ್ಜಿ ಮಾಡುವುದೇ ಮಳೆ ಹೋದಾಗ. ಹಾಗಾಗಿ ಗುರ್ಜಿ ಇದ್ದ ವಾರ ಮಳೆ ಕಮ್ಮಿ ಅಂತ ಅದು ಕಲಿಯುತ್ತದೆ. ಲೆಕ್ಕ ತಪ್ಪಲ್ಲ. ಅದನ್ನು ನೋಡಿ "ಗುರ್ಜಿ ಮಳೆ ಓಡಿಸುತ್ತದೆ" ಅಂತ ಪೇಪರ್ ಬರೆದರೆ ಏನಾಗುತ್ತದೆ ಹೇಳಿ?

ನಿಮ್ಮ ರಫ್ತು ನಿಷೇಧದ ಕಥೆ ಇದೇ. ರೇಟು ಏರಿದಾಗಲೇ ಸರ್ಕಾರ ಕೈ ಹಾಕುವುದು. 2023 ರ ಆಗಸ್ಟ್‌ನಲ್ಲಿ 40 ಪರ್ಸೆಂಟ್ ರಫ್ತು ಸುಂಕ ಬಂತು. ಅಕ್ಟೋಬರ್ ಕೊನೆಗೆ ಟನ್ನಿಗೆ 800 ಡಾಲರ್ ಕನಿಷ್ಠ ರಫ್ತು ಬೆಲೆ ಬಂತು. ಡಿಸೆಂಬರ್ 8 ಕ್ಕೆ ಪೂರ್ತಿ ನಿಷೇಧ. 2024 ರ ಮೇ ತಿಂಗಳಲ್ಲಿ ತೆಗೆದರು, ಆಗಲೂ ಟನ್ನಿಗೆ 550 ಡಾಲರ್ ಕನಿಷ್ಠ ಬೆಲೆ ಮತ್ತು ಸುಂಕ ಇದ್ದವು. ಅಂದರೆ ನಿಮ್ಮ 0 ಮತ್ತು 1 ಕಾಲಂನಲ್ಲಿ ಆಗಸ್ಟ್‌ನಿಂದ ಡಿಸೆಂಬರ್ ತನಕ 0 ಅಂತ ಇದ್ದರೂ ಅಲ್ಲಿ ಏನೂ ಇರಲಿಲ್ಲ ಅಂತ ಅಲ್ಲ. ಮತ್ತೆ ಡಿಸೆಂಬರ್ ಅಂದರೆ ಮುಂಗಾರಿನ ಮಾಲು ಮಾರ್ಕೆಟ್ಟಿಗೆ ಬರುತ್ತಿರುವ ಹೊತ್ತು, ನಿಷೇಧ ಇಲ್ಲದ ವರ್ಷಗಳಲ್ಲೂ ಎಷ್ಟೋ ಸಲ ರೇಟು ಆಗ ಇಳಿಯುತ್ತದೆ. ಬಿದ್ದ ರೇಟಿನಲ್ಲಿ ನಿಷೇಧದ ಪಾಲೆಷ್ಟು, ಹೊಸ ಮಾಲಿನ ಪಾಲೆಷ್ಟು? ರ್‍ಯಾಂಡಮ್ ಫಾರೆಸ್ಟ್‌ಗೆ ಇದು ಗೊತ್ತಿಲ್ಲ, ಗೊತ್ತು ಅಂತ ಅದು ಯಾವತ್ತೂ ಹೇಳಿಕೊಂಡೂ ಇಲ್ಲ.

ಆವಕದ್ದೂ ಇದೇ ಗೋಳು. ಆವಕ ಜಾಸ್ತಿಯಾದರೆ ರೇಟು ಇಳಿಯುತ್ತದೆ, ಸರಿ. ಆದರೆ ರೇಟು ಚೆನ್ನಾಗಿದೆ ಅಂತ ಫೋನ್ ಬಂದ ಮೇಲೆಯೇ ಅಲ್ವಾ ನಿಮ್ಮ ಅಪ್ಪ ಟೆಂಪೊ ಕರೆಸುವುದು? ಯಾವುದು ಕಾರಣ, ಯಾವುದು ಪರಿಣಾಮ? ಫಿಲಿಪ್ ರೈಟ್ ಅನ್ನುವ ಅರ್ಥಶಾಸ್ತ್ರಜ್ಞರು 1928 ರಲ್ಲಿ ಎಣ್ಣೆಗಳ ಮೇಲಿನ ಸುಂಕದ ಬಗ್ಗೆ ಪುಸ್ತಕ ಬರೆಯುವಾಗ ಇದೇ ಗಂಟಿಗೆ ಸಿಕ್ಕಿ, ಅದರ ಒಂದು ಅನುಬಂಧದಲ್ಲಿ ದಾರಿ ಹುಡುಕಿದರು. ಬೇಡಿಕೆಯನ್ನು ಮುಟ್ಟದೆ ಪೂರೈಕೆಯನ್ನು ಮಾತ್ರ ಅಲುಗಾಡಿಸುವ ಏನಾದರೂ ಸಿಕ್ಕರೆ, ಉದಾಹರಣೆಗೆ ಮಳೆ, ಅದನ್ನು ಹಿಡಿದು ಗಂಟು ಬಿಡಿಸಬಹುದು. ಹತ್ತಿರಹತ್ತಿರ ನೂರು ವರ್ಷ ಆಯಿತು. ಹೊಸ ಲ್ಯಾಬಿನ ಹುಮ್ಮಸ್ಸಿನಲ್ಲಿ ಈ ಹಳೆಯ ಪಾಠ ಬಿಟ್ಟುಹೋಗುತ್ತದೆ. ಬೆಳಿಗ್ಗೆಯವರು ಒಬ್ಬರು, ಮಧ್ಯಾಹ್ನದವರು ಒಬ್ಬರು ಅಂದಿರಲ್ಲ, ರೋಗ ಅಲ್ಲೇ ಇದೆ. ನಮ್ಮಲ್ಲೂ ಮೊದಲ ವರ್ಷ ಹಾಗೇ ಇತ್ತು. ಈಗ ಇಬ್ಬರೂ ಒಂದೇ ಕೋಣೆಯಲ್ಲಿ ಕೂರಬೇಕು ಅಂತ ಹಠ ಹಿಡಿದು ಮಾಡಿದ್ದೇವೆ. ಜಗಳ ಆಗುತ್ತದೆ. ಹುಡುಗರು ಆ ಜಗಳದಿಂದಲೇ ಜಾಸ್ತಿ ಕಲಿಯುತ್ತಾರೆ.

ಮೊದಲ ದಿನ ನಾನು ಬೋರ್ಡ್ ಮೇಲೆ ಬರೆಯುವ ಅಂಕಿಗಳು ಇವು. ಮುಲ್ಲೈನಾಥನ್ ಮತ್ತು ಯಾನ್ ಸ್ಪೀಸ್ 2017 ರಲ್ಲಿ ಅಮೆರಿಕದ 10,000 ಮನೆಗಳ ಬೆಲೆ ತೆಗೆದುಕೊಂಡು, ಸುಮಾರು 150 ಅಂಶ ಕೊಟ್ಟು, ಬೇರೆಬೇರೆ ವಿಧಾನಗಳನ್ನು ಓಡಿಸಿದರು. ಕಲಿತ ಡೇಟಾ ಮೇಲೆ ರ್‍ಯಾಂಡಮ್ ಫಾರೆಸ್ಟ್‌ನ ಆರ್-ಸ್ಕ್ವೇರ್ 85.1 ಪರ್ಸೆಂಟ್. ಕಾಣದ ಮನೆಗಳ ಮೇಲೆ 45.5. ನಮ್ಮ ಹಳೆಯ ಸಾದಾ ರಿಗ್ರೆಶನ್ 47.3 ರಿಂದ 41.7 ಕ್ಕೆ ಇಳಿಯಿತು. ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ. ಆದರೂ ಬೀದಿಯಲ್ಲಿ ಆ ಇಲಿ ಹಳೆಯದಕ್ಕಿಂತ ಸ್ವಲ್ಪ ಮುಂದೇ ಓಡಿತು, ಅದನ್ನೂ ಹೇಳಬೇಕು. ಅದೇ ಲೇಖನದಲ್ಲಿ ಇನ್ನೊಂದು ಚಿತ್ರ ಇದೆ. ಡೇಟಾವನ್ನು ಹತ್ತು ಪಾಲು ಮಾಡಿ ಪ್ರತಿ ಪಾಲಿನ ಮೇಲೆ ಲ್ಯಾಸೊ ಓಡಿಸಿದರೆ, ಭವಿಷ್ಯ ಹೇಳುವುದರಲ್ಲಿ ಹತ್ತೂ ಒಂದೇ ಸಮ, ಆದರೆ ಪ್ರತಿ ಸಲ ಅದು ಆರಿಸಿದ ಅಂಶಗಳು ಬೇರೆ. ಒಂದಕ್ಕೊಂದು ಅಂಟಿಕೊಂಡ ಅಂಶಗಳಿದ್ದಾಗ ಯಾವುದನ್ನು ಎತ್ತಿಕೊಂಡರೂ ಅದಕ್ಕೆ ಕೆಲಸ ನಡೆಯುತ್ತದೆ. ನಿಮ್ಮ "ಮೊದಲ ಐದರಲ್ಲಿ ಬಂತು" ಪಟ್ಟಿಯ ಬೆಲೆ ಎಷ್ಟು ಅಂತ ಇದರಿಂದ ನೀವೇ ಲೆಕ್ಕ ಹಾಕಿಕೊಳ್ಳಿ.

ಈಗ ಯಾರಾದರೂ ಬಂದು ಕಾಸಲ್ ಫಾರೆಸ್ಟ್, ಡಬಲ್ ಮಷಿನ್ ಲರ್ನಿಂಗ್ ಅಂತ ಕಾರಣ ಹುಡುಕುವ ಹೊಸ ವಿಧಾನ ಇಲ್ವಾ ಸರ್ ಅಂತ ಕೇಳುತ್ತಾರೆ, ಗೊತ್ತು. ಇವೆ, ಒಳ್ಳೆಯ ಸಾಮಾನೇ. ಒಂದು ಪ್ರಯೋಗ ನಡೆದಿದ್ದು, ಅದರ ಫಲ ಯಾರಿಗೆ ಜಾಸ್ತಿ, ಯಾರಿಗೆ ಕಮ್ಮಿ ಅಂತ ಹುಡುಕುವಾಗ ವೇಗರ್ ಮತ್ತು ಏಥಿ ಕಟ್ಟಿದ ಕಾಸಲ್ ಫಾರೆಸ್ಟ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಚೆರ್ನೊಝುಕೋವ್ ಮತ್ತು ಸಂಗಡಿಗರ ಡಬಲ್ ವಿಧಾನ ನೂರಾರು ಬೇರೆ ಅಂಶಗಳ ಪ್ರಭಾವವನ್ನು ಅಚ್ಚುಕಟ್ಟಾಗಿ ಬದಿಗೆ ಸರಿಸುತ್ತದೆ. ಆದರೆ ಮುಖ್ಯವಾದ ಅಂಶವೇ ನಿಮ್ಮ ಡೇಟಾದಲ್ಲಿ ಇಲ್ಲದಿದ್ದರೆ ಡಬಲ್ ಅಲ್ಲ, ತ್ರಿಬಲ್ ಮಾಡಿದರೂ ಅಷ್ಟೇ.

---

ಯಾರ್ಡಿನ_ಲೆಕ್ಕದವ

ನಾನು ಓದಿದ್ದು ಬಿ.ಕಾಂ. ಪುಣೆ ಗುಲ್ಟೆಕಡಿ ಮಾರ್ಕೆಟ್ ಯಾರ್ಡಿನಲ್ಲಿ ಅಡತ್ (ದಲಾಲಿ) ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ, ಊರು ಇಂಡಿ. ಮೇಷ್ಟ್ರು ಹೇಳಿದ್ದರಲ್ಲಿ ಅರ್ಧ ತಿಳಿಯಿತು, ಗುರ್ಜಿ ಪೂರ್ತಿ ತಿಳಿಯಿತು. ತಂಗಿ, ನಿನ್ನ ಡೇಟಾ ಎಲ್ಲಿಂದ ಹುಟ್ಟುತ್ತದೆ ಅಂತ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೋಡಲ್ ರೇಟು ಸರಾಸರಿ ಅಲ್ಲ. ಆ ದಿನ ಜಾಸ್ತಿ ಮಾಲು ಯಾವ ರೇಟಿಗೆ ಹೋಯಿತೋ ಅದು. ಅದನ್ನು ಒಬ್ಬ ಮನುಷ್ಯ ನೋಡಿ ಬರೆಯುತ್ತಾನೆ, ಯಂತ್ರ ಅಲ್ಲ. ಕೆಲವು ಕಡೆ ಕೆಲಸ ಜಾಸ್ತಿ ಇದ್ದ ದಿನ ನಿನ್ನೆಯದನ್ನೇ ಮತ್ತೆ ಬರೆಯುವುದೂ ಉಂಟು. ಸಾಲಾಗಿ ಮೂರು ನಾಲ್ಕು ದಿನ ಒಂದೇ ರೇಟು ಕಂಡರೆ ಸ್ವಲ್ಪ ಅನುಮಾನದಿಂದ ನೋಡು. ಗರಿಷ್ಠ ರೇಟು ಇನ್ನೂ ಮೋಸ. ದೊಡ್ಡ ಗಡ್ಡೆಯ, ಒಣಗಿದ, ಬಣ್ಣ ಚೆನ್ನಾಗಿರುವ ಒಂದೆರಡು ಲಾಟ್‌ಗೆ ಆ ರೇಟು ಸಿಕ್ಕಿರುತ್ತದೆ. ಮರುದಿನ ಪೇಪರಿನಲ್ಲಿ ಅದೇ ದಪ್ಪಕ್ಷರದಲ್ಲಿ ಬರುತ್ತದೆ, ರೈತರು ಅದನ್ನು ನೋಡಿಕೊಂಡು ಗಾಡಿ ಕಟ್ಟುತ್ತಾರೆ.

ಖಾಲಿ ದಿನಗಳನ್ನು ಗೆರೆ ಎಳೆದು ತುಂಬಿದೆ ಅಂದೆಯಲ್ಲ, ಯಾಕೆ ಖಾಲಿ ಅಂತ ಕೇಳಿದೆಯಾ? ನಾಶಿಕ್ ಕಡೆಯ ಎಷ್ಟೋ ಮಾರ್ಕೆಟ್ಟುಗಳಲ್ಲಿ ಅಮಾವಾಸ್ಯೆಗೆ ಲಿಲಾವು ಮಾಡದಿರುವ ಪದ್ಧತಿ ಇತ್ತು. ನಮ್ಮಲ್ಲಿ ಶನಿವಾರ ರಜೆ, ಭಾನುವಾರ ಆವಕ ಏಕ್ದಂ ಜಾಸ್ತಿ. ಅವು ಸುಮ್ಮನೆ ರಜೆ. ಆದರೆ ಮೇಷ್ಟ್ರು ಹೇಳಿದ ಆ ಡಿಸೆಂಬರ್ 8 ರ ನಿಷೇಧ ಬಂದಾಗ ನಾಶಿಕ್ ಜಿಲ್ಲೆಯಲ್ಲಿ ರೈತರು ಸಿಟ್ಟಿಗೆದ್ದು ಲಿಲಾವು ನಿಲ್ಲಿಸಿದ್ದರು. ಅಮಾವಾಸ್ಯೆಯ ಖಾಲಿ, ಜಗಳದ ಖಾಲಿ ಎರಡೂ ನಿನ್ನ ಕಂಪ್ಯೂಟರಿನಲ್ಲಿ ಒಂದೇ ಥರ ಕಾಣುತ್ತವೆ. ನಿನಗೆ ಬೇಕಾದ ದಿನದ ರೇಟೇ ಇಲ್ಲ, ಅದರ ಜಾಗದಲ್ಲಿ ನೀನು ಎಳೆದ ಗೆರೆ ಇದೆ.

ಮಾಲಿನ ಜಾತಿಯನ್ನೂ ನೋಡು. ಮಾರ್ಚ್‌ನಿಂದ ಮೇ ತನಕ ಕೀಳುವ ಬೇಸಿಗೆ ಉಳ್ಳಾಗಡ್ಡಿ ಬಾಳಿಕೆಯದು, ಚಾಳದಲ್ಲಿ, ಅಂದರೆ ಗಾಳಿಯಾಡುವ ಶೆಡ್ಡಿನಲ್ಲಿ, ತಿಂಗಳುಗಟ್ಟಲೆ ಇಡುತ್ತಾರೆ. ಮುಂಗಾರಿನ ಕೆಂಪು ಮಾಲು ಇಟ್ಟರೆ ಕೊಳೆಯುತ್ತದೆ, ಬಂದ ರೇಟಿಗೆ ಕೊಡಬೇಕು. ಇಡಬಹುದಾದ ಮಾಲಿನ ರೇಟೂ ಇಡಲಾಗದ ಮಾಲಿನ ರೇಟೂ ಒಂದೇ ಕಾಲಂನಲ್ಲಿ ಹಾಕಿ ಯಂತ್ರಕ್ಕೆ ಕಲಿ ಅಂದರೆ ಅದು ಏನು ಕಲಿಯಬೇಕು, ಪಾಪ.

ಕೊನೆಗೆ ಒಂದು ಮಾತು. ಮಾಲು ಮಾರಿದಾಗ ಅಡತ್ ಅಂಗಡಿಯವರು ಕೊಟ್ಟ ಅಪ್ಪನ ಹಳೆಯ ಪಟ್ಟಿಗಳು (ಲೆಕ್ಕದ ಚೀಟಿಗಳು) ಮನೆಯಲ್ಲಿ ಇದ್ದರೆ ತರಿಸು. ಸೈಟಿನ ರೇಟು ಬಿಡು, ಅವರ ಕೈಗೆ ಏನು ಬಂತು ನೋಡು.

---

ಪಣಜಿಯಿಂದ_ಪತ್ರ

ಮೇಷ್ಟ್ರ ಮಾತಿಗೆ ಅರ್ಧ ಒಪ್ಪಿಗೆ, ಅರ್ಧ ಜಗಳ. ಮೇಷ್ಟ್ರೇ, ನೀವು ಕೊಡೆಯ ಪ್ರಶ್ನೆಯನ್ನು ತೀರಾ ಸಣ್ಣದು ಮಾಡಿಬಿಟ್ಟಿರಿ. ಹುಡುಗಿ ಹೆದರಿಕೊಂಡು ಲ್ಯಾಬೇ ಬಿಟ್ಟರೆ ಯಾರು ಹೊಣೆ?

ಎಕನಾಮಿಕ್ಸ್‌ನಲ್ಲಿ ಅಳತೆಯೇ ಇಲ್ಲದ ಕಡೆ ಅಳತೆ ಹುಟ್ಟಿಸುವುದು ದೊಡ್ಡ ಕೆಲಸ. ನಮ್ಮ ದೇಶದಲ್ಲಿ ಮನೆಖರ್ಚಿನ ಸರ್ವೆ 2011-12 ರಲ್ಲಿ ಆದ ಮೇಲೆ ಮುಂದಿನ ಅಂಕಿ ಕೈಗೆ ಸಿಕ್ಕಿದ್ದು 2022-23 ರದ್ದು. ನಡುವೆ 2017-18 ರಲ್ಲಿ ಮಾಡಿದ್ದನ್ನು ಬಿಡುಗಡೆಯೇ ಮಾಡಲಿಲ್ಲ. 2022-23 ರಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು ಹಳ್ಳಿಯಲ್ಲಿ 3,773 ರೂಪಾಯಿ, ಪಟ್ಟಣದಲ್ಲಿ 6,459 ಅಂತ ಬಂತು. ಸರಿ, ಹಾಗಾದರೆ ನಡುವಿನ ಹನ್ನೊಂದು ವರ್ಷ ಯಾವ ತಾಲ್ಲೂಕು ಹೇಗಿತ್ತು? ಇಂಥ ಕಡೆಯೇ ಭವಿಷ್ಯ ಹೇಳುವ ಮಾಡೆಲ್‌ಗೆ ಕೆಲಸ. 2016 ರಲ್ಲಿ ಸ್ಟ್ಯಾನ್‌ಫರ್ಡ್‌ನವರು ನೈಜೀರಿಯಾ, ತಾಂಜಾನಿಯಾ, ಉಗಾಂಡಾ, ಮಲಾವಿ, ರುವಾಂಡಾ ಐದು ದೇಶಗಳಲ್ಲಿ ಹಗಲಿನ ಉಪಗ್ರಹ ಚಿತ್ರ ಹಿಡಿದು ಹಳ್ಳಿಗಳ ಬಡತನ ಅಂದಾಜು ಮಾಡಿದರು. ಜಾಣತನ ಎಲ್ಲಿತ್ತು ಅಂದರೆ, ಬಡತನದ ಡೇಟಾ ಕಮ್ಮಿ ಇತ್ತು, ರಾತ್ರಿಯ ದೀಪದ ಡೇಟಾ ಬೇಕಾದಷ್ಟಿತ್ತು. ಹಾಗಾಗಿ ಹಗಲಿನ ಚಿತ್ರ ನೋಡಿ ರಾತ್ರಿ ದೀಪ ಎಷ್ಟು ಅಂತ ಹೇಳುವುದನ್ನು ಯಂತ್ರಕ್ಕೆ ಮೊದಲು ಕಲಿಸಿ, ಆಮೇಲೆ ಬಡತನಕ್ಕೆ ಬಂದರು. ಕೊರೊನಾ ಹೊತ್ತಿನಲ್ಲಿ ಟೋಗೊ ದೇಶ ಮೊಬೈಲ್ ಬಳಕೆಯ ಡೇಟಾ ನೋಡಿ ಯಾರಿಗೆ ದುಡ್ಡು ಕಳಿಸಬೇಕು ಅಂತ ಆರಿಸಿತು. ಇವರು ಯಾಕೆ ಬಡವರಾದರು ಅಂತ ಅಲ್ಲಿ ಯಾರೂ ಕೇಳಲಿಲ್ಲ. ಯಾರು ಬಡವರು ಅಂತ ಗೊತ್ತಾದರೆ ಆ ವಾರಕ್ಕೆ ಸಾಕಿತ್ತು.

ನಾನು ಗೋವಾದಲ್ಲಿ ಇಂಥದ್ದೇ ಉಪಗ್ರಹದ ಕೆಲಸ ಮಾಡುತ್ತೇನೆ. ಲ್ಯಾಬಿನಲ್ಲಿ ಯಾರೂ ಹೇಳಿಕೊಡದ ಮೊದಲ ಪಾಠ: ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಮೋಡ ಬಿಟ್ಟು ಏನೂ ಕಾಣುವುದಿಲ್ಲ. ಮೋಡದ ಮೂಲಕ ನೋಡಬೇಕಾದರೆ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರಕ್ಕೇ ಹೋಗಬೇಕು. ಎರಡನೆಯದು, ಸೋರಿಕೆ ಕಾಲದಲ್ಲಿ ಮಾತ್ರ ಅಲ್ಲ, ಜಾಗದಲ್ಲೂ ಇದೆ. ಒಂದೇ ಹಳ್ಳಿಯ ಹತ್ತು ಮನೆ ಟ್ರೈನಿಂಗಿಗೆ, ಐದು ಮನೆ ಟೆಸ್ಟಿಗೆ ಹೋದರೆ ಮಾಡೆಲ್ ಹಳ್ಳಿಯ ಗುರುತು ಬಾಯಿಪಾಠ ಮಾಡಿಕೊಳ್ಳುತ್ತದೆ. ನಾವು ಹಳ್ಳಿಗೆ ಹಳ್ಳಿಯನ್ನೇ, ಕೆಲವು ಸಲ ತಾಲ್ಲೂಕಿಗೆ ತಾಲ್ಲೂಕನ್ನೇ ಎತ್ತಿ ಪಕ್ಕಕ್ಕೆ ಇಡುತ್ತೇವೆ. ಅಂಕ ಇಳಿಯುತ್ತದೆ, ಆದರೆ ರಾತ್ರಿ ನಿದ್ದೆ ಬರುತ್ತದೆ.

ಬಿಜಾಪುರದವರೇ, ನಿಮ್ಮ ಅಪ್ಪನ ಪ್ರಶ್ನೆ ನಿಜವಾದ ಕೊಡೆ ಪ್ರಶ್ನೆ. ಒಯ್ಯಲಾ ಬೇಡವಾ. ಹಾಗಾಗಿ ಇವತ್ತಿನ ರೇಟು ಹೇಳುವ ಮಾಡೆಲ್ ಬಿಟ್ಟುಬಿಡಿ. ಇವತ್ತಿಗೆ ಗೊತ್ತಿರುವುದನ್ನು ಮಾತ್ರ ಇಟ್ಟುಕೊಂಡು ಒಂದು ವಾರದ ನಂತರ ರೇಟು ಏರುತ್ತದಾ ಇಳಿಯುತ್ತದಾ ಕೇಳಿ. ಒಂದು ಎಚ್ಚರಿಕೆ. ರ್‍ಯಾಂಡಮ್ ಫಾರೆಸ್ಟ್ ತಾನು ಕಂಡ ರೇಟುಗಳ ಸರಾಸರಿ ತೆಗೆದು ಹೇಳುವುದಷ್ಟೇ, ಹಿಂದೆ ಕಂಡ ಅತಿ ದೊಡ್ಡ ರೇಟಿಗಿಂತ ಮೇಲೆ ಅದು ಯಾವತ್ತೂ ಹೋಗಲಾರದು. ಉಳ್ಳಾಗಡ್ಡಿ ಕಣ್ಣೀರು ಹಾಕಿಸುವುದೇ ಹಿಂದೆ ಎಂದೂ ಕಾಣದ ರೇಟು ಬಂದಾಗ. ರೇಟನ್ನೇ ಕೊಡುವ ಬದಲು ರೇಟು ಎಷ್ಟು ಪರ್ಸೆಂಟ್ ಬದಲಾಯಿತು ಅಂತ ಕೊಟ್ಟು ನೋಡಿ, ಸ್ವಲ್ಪ ವಾಸಿ.

ಮಾಟುಂಗಾ_ಮೇಷ್ಟ್ರು

ಜಗಳ ಒಪ್ಪಿದೆ. ಕೊಡೆ ಸಣ್ಣದು ಅಂತ ನಾನು ಹೇಳಲಿಲ್ಲ ಮಾರಾಯರೇ, ಕೊಡೆ ಹಿಡಿದುಕೊಂಡು ನಾನೇ ಮಳೆ ತರಿಸಿದೆ ಅನ್ನಬೇಡಿ ಅಂದೆ. ಟೋಗೊ ಉದಾಹರಣೆ ನಾಳೆಯ ಕ್ಲಾಸಿಗೆ ಕದಿಯುತ್ತೇನೆ.

---

ಬಿಜಾಪುರ_ಟು_ಪುಣೆ

ಹತ್ತು ದಿನ ಆಯಿತು, ವರದಿ ಒಪ್ಪಿಸುತ್ತಿದ್ದೇನೆ. ತಡ ಆಗಿದ್ದಕ್ಕೆ ಬೈಯಬೇಡಿ.

ಕನಿಷ್ಠ, ಗರಿಷ್ಠ ತೆಗೆದೆ. ಕಲಸುವುದು ಬಿಟ್ಟು 2022 ರ ಕೊನೆಯ ತನಕ ಟ್ರೈನಿಂಗಿಗೆ, ಆಮೇಲಿನದು ಟೆಸ್ಟಿಗೆ ಅಂತ ಕತ್ತರಿಸಿದೆ. ಗೆರೆ ಎಳೆದು ತುಂಬಿದ ದಿನಗಳನ್ನು ಅಳಿಸಿದೆ. 0.97 ಎಲ್ಲಿ ಹೋಯಿತೋ ಗೊತ್ತಿಲ್ಲ. ಹಿಂಜವಡಿ ಅಣ್ಣ ಹೇಳಿದ ಹಾಗೆ "ನಿನ್ನೆಯದೇ ಇವತ್ತು" ಅಂತ ಬರೆದು ನೋಡಿದರೆ ಅದರ ತಪ್ಪು ನನ್ನ ಮಾಡೆಲ್‌ನ ತಪ್ಪಿಗಿಂತ ಕಮ್ಮಿ! ಎರಡು ತಿಂಗಳ ಶನಿವಾರಗಳು, ಒಂದು ಲ್ಯಾಪ್‌ಟಾಪು, ಐನೂರು ಟ್ರೀಗಳು, ಎಲ್ಲ ಸೇರಿ ನಿನ್ನೆಯ ಪೇಪರಿಗೆ ಸೋತವು. ಅವತ್ತು ರಾತ್ರಿ ಮೆಸ್ಸಿನಲ್ಲಿ ಊಟ ಸೇರಲಿಲ್ಲ, ನಿಜವಾಗಿ.

ವಾರ ಮುಂಚೆ ಏರುತ್ತದಾ ಇಳಿಯುತ್ತದಾ ಅನ್ನುವುದರಲ್ಲಿ ಸ್ವಲ್ಪ ಜೀವ ಇದೆ. ನಾಣ್ಯ ಹಾರಿಸುವುದಕ್ಕಿಂತ ವಾಸಿ, ಆದರೆ ಅದನ್ನು ನಂಬಿ ಅಪ್ಪನಿಗೆ ಟೆಂಪೊ ಮಾಡಿಸು ಅನ್ನುವ ಧೈರ್ಯ ನನಗಿಲ್ಲ. ಬೇಸಿಗೆ ಮಾಲು, ಮುಂಗಾರು ಮಾಲು ಬೇರೆಬೇರೆ ಮಾಡಿದ ಮೇಲೆ ಇನ್ನೂ ಸ್ವಲ್ಪ ಸುಧಾರಿಸಿತು. ಅದು ಲೆಕ್ಕದಣ್ಣನ ಪುಣ್ಯ.

ಗೈಡ್ ಹತ್ತಿರ ಹೋಗಿ ಎಲ್ಲ ಹೇಳಿದೆ, ನಿಷೇಧದ ಸಾಲು ಬರೆಯಲ್ಲ ಅಂತಲೂ ಹೇಳಿದೆ. ಮೊದಲು ಮುಖ ಗಂಟು ಹಾಕಿಕೊಂಡರು. ಗುರ್ಜಿ ಕಥೆಯನ್ನು ಮರಾಠಿಯಲ್ಲಿ ಹೇಳಲು ಹೋಗಿ ಸ್ವಲ್ಪ ಎಡವಿದೆ, ಆದರೂ ಅರ್ಥ ಆಯಿತು. ಕೊನೆಗೆ 0.97 ಹೇಗೆ ಬಂತು, ಹೇಗೆ ಹೋಯಿತು ಅನ್ನುವುದನ್ನೇ ಪ್ರೆಸೆಂಟೇಶನ್ ಮಾಡು ಅಂದರು. ಬೆಳಿಗ್ಗೆಯ ಕ್ಲಾಸಿನವರನ್ನೂ ಅವತ್ತು ಮಧ್ಯಾಹ್ನ ಕೂರಿಸುತ್ತೇನೆ ಅಂತ ಅವರೇ ಹೇಳಿದ್ದು.

ಈಗ ಪಟ್ಟಿ ವಿಷಯ. ಅಪ್ಪ ಹಳೆಯ ಪಟ್ಟಿಗಳನ್ನೆಲ್ಲ ಅಡುಗೆ ಮನೆಯ ಗೋಡೆಯಲ್ಲಿ ತಂತಿಗೆ ಚುಚ್ಚಿ ಇಟ್ಟಿದ್ದಾರೆ. ತಮ್ಮ ಒಂದೊಂದೇ ಬಿಡಿಸಿ ಫೋಟೊ ತೆಗೆದು ಕಳಿಸಿದ. ಒಂದೆರಡು ಹೊಗೆಗೆ ಕಪ್ಪಾಗಿ ಓದಲು ಬರಲಿಲ್ಲ. ಮಿಕ್ಕವುಗಳನ್ನು ಅದೇ ದಿನದ ಮೋಡಲ್ ರೇಟಿನ ಪಕ್ಕ ಇಟ್ಟು ನೋಡಿದೆ. ಹೆಚ್ಚುಕಡಿಮೆ ಎಲ್ಲ ಸಲವೂ ಅಪ್ಪನಿಗೆ ಮೋಡಲ್‌ಗಿಂತ ಕಮ್ಮಿಯೇ ಸಿಕ್ಕಿದೆ. ಹಮಾಲಿ, ತೂಕ, ಬಾಡಿಗೆ ಕಳೆದರೆ ಇನ್ನೂ ಕಮ್ಮಿ. ಮೂರು ಸಲ ಮಾತ್ರ ಮೇಲೆ ಸಿಕ್ಕಿದೆ. ಆ ಮೂರು ಸಲ ಏನು ಬೇರೆ ಮಾಡಿದ್ದಿರಿ ಅಂತ ಕೇಳಿದೆ. ಅವತ್ತು ಅವ್ವ ಮತ್ತು ಚಿಕ್ಕಮ್ಮ ಕೂತು ಸಣ್ಣದು ದೊಡ್ಡದು ಆರಿಸಿ ಬೇರೆ ಚೀಲ ತುಂಬಿದ್ದರಂತೆ. ಬಾಕಿ ಸಲ ಆಳು ಸಿಗದೆ ಎಲ್ಲ ಒಟ್ಟಿಗೇ ತುಂಬಿ ಒಯ್ದಿದ್ದು.

ಮೂರೇ ಮೂರು ಸಲ, ಇದರ ಮೇಲೆ ಏನೂ ಹೇಳಲಾಗದು ಅಂತ ಮೇಷ್ಟ್ರು ಹೇಳುತ್ತೀರಿ, ಗೊತ್ತು ಸರ್. ಆದರೂ ಆರಿಸುವ ಕೂಲಿ ಎಷ್ಟು, ಅದರಿಂದ ರೇಟು ಎಷ್ಟು ಏರುತ್ತದೆ ಅಂತ ಲೆಕ್ಕ ಮಾಡಬೇಕು ಅನ್ನಿಸಿದೆ. ಲೆಕ್ಕದಣ್ಣ, ಲಾಟ್ ನೋಡಿ ಖರೀದಿದಾರರು ರೇಟು ಹೇಗೆ ಕೂಗುತ್ತಾರೆ ಅಂತ ಕಣ್ಣಾರೆ ನೋಡಬೇಕು. ಯಾವತ್ತು ಬರಲಿ?

ಯಾರ್ಡಿನ_ಲೆಕ್ಕದವ

ಈ ಭಾನುವಾರವೇ ಬಾ ತಂಗಿ, ಆವಕ ಜಾಸ್ತಿ ಇರುತ್ತದೆ, ಎಲ್ಲ ಥರದ ಮಾಲು ನೋಡಲು ಸಿಗುತ್ತದೆ. ಬೆಳಕು ಹರಿಯುವ ಹೊತ್ತಿಗೆ ಬಂದರೆ ಒಳ್ಳೆಯದು. ಲಾರಿಗಳ ನಡುವೆ ನಿಲ್ಲಬೇಡ, ನನಗೆ ಮೆಸೇಜ್ ಹಾಕು, ಹುಡುಗನನ್ನು ಗೇಟಿಗೆ ಕಳಿಸುತ್ತೇನೆ. ಚಪ್ಪಲಿ ಬೇಡ, ಷೂ ಹಾಕಿಕೊಂಡು ಬಾ, ಸಿಪ್ಪೆ ಮೇಲೆ ಜಾರುತ್ತದೆ.

ಹಿಂಜವಡಿ_ಹುಡುಗ

ನಾನೂ ಬರಬಹುದಾ? ಐದು ವರ್ಷದಿಂದ ಮಾಡೆಲ್ ಮಾಡುತ್ತಿದ್ದೇನೆ, ಒಂದು ಸಲವೂ ಲಿಲಾವು ನೋಡಿಲ್ಲ.

ಯಾರ್ಡಿನ_ಲೆಕ್ಕದವ

ಬಾ ತಮ್ಮಾ. ಬರುವಾಗ ಎರಡು ಚೀಲ ಹಿಡಿಯುವಷ್ಟು ಡಿಕ್ಕಿ ಖಾಲಿ ಇಟ್ಟುಕೊಂಡು ಬಾ, ಬರಿಗೈಯಲ್ಲಿ ಕಳಿಸುವುದಿಲ್ಲ.